ತಮಟೆ ಪಕ್ಕ ಸ್ಯಾಕ್ಸೋಫೋನ್: ಈ ಜಗಳ ಎಲ್ಲಿಂದ ಶುರುವಾಯಿತು?

ನಮ್ಮ ಚಿಂತಾಮಣಿ ಕಡೆ ತಮಟೆ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಜಾತ್ರೆಗೆ ತಮಟೆ, ಸಾವಿಗೆ ತಮಟೆ, ಗೆದ್ದವರ ಮೆರವಣಿಗೆಗೂ ತಮಟೆ. ಈಗೀಗ ಬೆಂಗಳೂರಿನ ವೇದಿಕೆಗಳಲ್ಲಿ ಅದರ ಪಕ್ಕ ಡ್ರಮ್ ಸೆಟ್ಟು, ಬೇಸ್ ಗಿಟಾರು, ಸ್ಯಾಕ್ಸೋಫೋನ್ ಬಂದು ನಿಲ್ಲುತ್ತಿವೆ. ಅಂಥ ಒಂದು ವಿಡಿಯೊ ಫೋನಿಗೆ ಬಂದರೆ ಸಾಕು, ಟೀ ಅಂಗಡಿಯಲ್ಲಿ ಎರಡು ಪಾರ್ಟಿ ಆಗುತ್ತದೆ. ನಮ್ಮ ಕಲೆ ಎಷ್ಟು ದೂರ ಹೋಯಿತು ನೋಡಿ ಅಂತ ಖುಷಿಪಡುವವರು ಕೆಲವರು. ನಮ್ಮದನ್ನು ಎತ್ತಿಕೊಂಡು ಹೋದರು ಅನ್ನುವವರು ಇನ್ನು ಕೆಲವರು. ಈ ಜಗಳ ನಮ್ಮೂರಿನದಷ್ಟೇ ಅಲ್ಲ, ಸ್ಯಾಕ್ಸೋಫೋನ್, ಡ್ರಮ್ ಸೆಟ್ಟಿನ ಜಾಝ್ ಸಂಗೀತದಲ್ಲಿ ಇದಕ್ಕೆ ನೂರು ವರ್ಷ ಆಗಿದೆ.

ಜಾಝ್ ಮೊದಲು ಶುದ್ಧವಾಗಿತ್ತು, ಆಮೇಲೆ ಜಾನಪದ ಬೆರೆಸಿದರು ಅಂದುಕೊಂಡರೆ ತಪ್ಪಾಗುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಾಂಗೋ ಸ್ಕ್ವೇರ್ ಅಂತ ಒಂದು ಬಯಲಿತ್ತು. ಗುಲಾಮರು ಭಾನುವಾರ ಅಲ್ಲಿ ಸೇರಿ ಆಫ್ರಿಕಾದ ತಾಳಕ್ಕೆ ಕುಣಿಯುತ್ತಿದ್ದರು. ಆ ತಾಳ, ಹೊಲದ ಕೆಲಸದ ಹಾಡು, ಚರ್ಚಿನ ಹಾಡು, ಮಿಲಿಟರಿ ಬ್ಯಾಂಡಿನ ತುತ್ತೂರಿ ಎಲ್ಲ ಸೇರಿ ಆದದ್ದೇ ಜಾಝ್. 1917ರಲ್ಲಿ ಮೊದಲ ಜಾಝ್ ರೆಕಾರ್ಡ್ ಬಂತು. ಅದನ್ನು ನುಡಿಸಿದ್ದು ಬಿಳಿಯರ ತಂಡ. ಕಟ್ಟಿದವರು ಒಬ್ಬರು, ಲೇಬಲ್ ಮೇಲೆ ಹೆಸರು ಬಂದದ್ದು ಇನ್ನೊಬ್ಬರದು. ಜಗಳದ ಬೇರು ಇಲ್ಲೇ ಇದೆ.

ನನಗೆ ತುಂಬಾ ಇಷ್ಟವಾದ ಕಾಲ ಅಂದರೆ 1947. ಡಿಜ್ಜಿ ಗಿಲೆಸ್ಪಿ ಅನ್ನುವ ಟ್ರಂಪೆಟ್ ವಾದಕ ತನ್ನ ದೊಡ್ಡ ಬ್ಯಾಂಡಿಗೆ ಕ್ಯೂಬಾದ ಚಾನೊ ಪೊಜೊ ಅನ್ನುವ ಕಾಂಗಾ (ಕೈಯಲ್ಲಿ ಬಾರಿಸುವ ಉದ್ದ ಡೋಲು) ವಾದಕನನ್ನು ಕರೆದುಕೊಂಡ. ಹವಾನಾದ ಬಡ ಕೇರಿಯಲ್ಲಿ ಬೆಳೆದ ಪೊಜೊಗೆ ಆಫ್ರಿಕಾ ಮೂಲದ ದೇವರ ಪೂಜೆಯ ತಾಳಗಳೆಲ್ಲ ಬಾಯಿಪಾಠ. ಸಂಗೀತ ಬರೆಯೋಕೆ ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಆ ಬ್ಯಾಂಡಿನ 'ಮಾಂಟೆಕಾ' ಅನ್ನುವ ಕೃತಿ ಹುಟ್ಟಿದಾಗ, ಬೇಸ್ ಹೀಗೆ ಹೋಗಬೇಕು, ಸ್ಯಾಕ್ಸೋಫೋನ್ ಹೀಗೆ, ಟ್ರಂಪೆಟ್ ಹೀಗೆ ಅಂತ ಒಂದೊಂದನ್ನೂ ಬಾಯಲ್ಲಿ ಹಾಡಿ ತೋರಿಸಿದವನು ಅವನೇ. ಬ್ಯಾಂಡಿಗೆ ಸಂಗೀತ ಹೊಂದಿಸುತ್ತಿದ್ದ ಗಿಲ್ ಫುಲ್ಲರ್ ಅದನ್ನು ಬರೆದುಕೊಂಡ, ಗಿಲೆಸ್ಪಿ ನಡುವಿನ ಭಾಗ ಸೇರಿಸಿದ. ಕಟ್ಟಿದವರ ಸಾಲಿನಲ್ಲಿ ಪೊಜೊ ಹೆಸರೂ ಇದೆ. ಎರಡು ಕಡೆಯ ನಡೆ ಬೇರೆ ಬೇರೆ. ಜಾಝ್‌ನವರದು ಸ್ವಲ್ಪ ತೂಗಿ, ಎಳೆದು ನಡೆಯುವ ನಡೆ. ಕ್ಯೂಬಾದವರದು ಸಮ ಅಳತೆಯ, ಗಟ್ಟಿ ನಡೆ. ಒಂದಾಗೋಕೆ ದಿನಗಟ್ಟಲೆ ಪಕ್ಕದಲ್ಲಿ ಕೂರಬೇಕು. ಬ್ಯಾಂಡಿನ ಬೇಸ್ ವಾದಕ ಆಲ್ ಮೆಕಿಬನ್ ಪೊಜೊ ಹತ್ತಿರವೇ ಕಲಿತ. 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪೊಜೊನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 33 ವರ್ಷ. ಅವನು ಆ ಬ್ಯಾಂಡಿನಲ್ಲಿದ್ದದ್ದು ಸುಮಾರು ಒಂದು ವರ್ಷ ಅಷ್ಟೇ, ಆದರೆ ಅಷ್ಟರಲ್ಲೇ ಜಾಝ್‌ನ ದಾರಿ ತಿರುಗಿತ್ತು.

ಆಮೇಲಿನದು ಬೇಗ ಬೇಗ ನಡೆಯಿತು. ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ ಟರ್ಕಿಯ ಬೀದಿ ವಾದ್ಯದವರಿಂದ ಕೇಳಿದ ಒಂಬತ್ತರ ಎಣಿಕೆ 1959ರಲ್ಲಿ ರೆಕಾರ್ಡ್ ಆಯಿತು, ಬ್ರೆಜಿಲ್‌ನ ಸಾಂಬಾ ಜಾಝ್ ಜೊತೆ ಸೇರಿ ಬೊಸಾ ನೋವಾ ಅನ್ನುವ ಹೊಸ ಶೈಲಿ ಆಯಿತು, 1964ರಲ್ಲಿ ಸ್ವೀಡನ್ನಿನ ಯಾನ್ ಯೊಹಾನ್ಸನ್ ಬರೀ ಪಿಯಾನೊ ಮತ್ತು ಬೇಸ್ ಇಟ್ಟುಕೊಂಡು ತನ್ನ ದೇಶದ ಹಳ್ಳಿ ಹಾಡುಗಳನ್ನು ನುಡಿಸಿ ಮನೆಮನೆ ತಲುಪಿದ, ಇಥಿಯೋಪಿಯಾದ ಮುಲಾಟು ಅಸ್ತಾತ್ಕೆ ಅಮೆರಿಕದಲ್ಲಿ ಜಾಝ್ ಓದಿ ತನ್ನ ನಾಡಿನ ಸ್ವರಗಳಿಗೆ ಅದನ್ನು ಹೊಂದಿಸಿದ. ಕೊನೆಯ ಇಬ್ಬರ ವಿಷಯದಲ್ಲಿ ಕಳವಿನ ಮಾತು ಅಷ್ಟಾಗಿ ಬರಲಿಲ್ಲ, ಯಾಕೆಂದರೆ ಅವರು ಬೆರೆಸಿದ್ದು ತಮ್ಮ ಮನೆಯದನ್ನೇ.

ನಮ್ಮ ಕಡೆಗೂ ಜಾಝ್ ಬೇಗನೇ ಬಂತು. ಬೆಂಗಳೂರಿನಲ್ಲಿ ಮೃದಂಗ ವಾದಕ ಟಿ.ಎ.ಎಸ್. ಮಣಿ 1964ರಲ್ಲಿ ತಾಳವಾದ್ಯ ಕಲಿಸುವ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಶುರು ಮಾಡಿದರು. ಅವರು, ಗಾಯಕಿ ಆರ್.ಎ. ರಮಾಮಣಿ, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ ಮಾಡಿದ 'ಜ್ಯೋತಿ' 1983ರ ರೆಕಾರ್ಡಿಂಗ್. ಮರಿಯಾನೊ ನಾಗಸ್ವರವನ್ನೂ ಕಲಿತಿದ್ದವರು. ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ಇವೆಲ್ಲ ಒಳ್ಳೆಯ ಕೆಲಸ, ಕೇಳಿದರೆ ಗೊತ್ತಾಗುತ್ತೆ. ಆದರೆ ಒಂದು ಗಮನಿಸಿ. ರಾಗ, ಮೃದಂಗ, ಘಟ, ತಬಲಾ ಎಲ್ಲ ಜಾಝ್ ಜೊತೆ ಕೂತವು, ತಮಟೆ ಮಾತ್ರ ಹೊರಗೇ ಉಳಿಯಿತು.

ಕಾರಣ ಸಂಗೀತದ್ದಲ್ಲ. ತಮಟೆ ಬಾರಿಸುವುದು ಒಂದು ಕೇರಿಯವರ ಮೇಲೆ ಹೇರಿದ ಕೆಲಸವಾಗಿತ್ತು. ಊರಿಗೆ ಸುದ್ದಿ ಸಾರಬೇಕು, ಹೆಣದ ಮುಂದೆ ಬಾರಿಸಬೇಕು, ಆಗಲ್ಲ ಅನ್ನುವ ಹಾಗಿರಲಿಲ್ಲ. 1970ರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ಇನ್ನು ಬಾರಿಸೋದೇ ಬೇಡ ಅಂತ ಎಷ್ಟೋ ಜನ ಕೋಲು ಕೆಳಗಿಟ್ಟರು. ಅದೇ ಚಳವಳಿಯ ಹಾಡಿನ ಮೆರವಣಿಗೆಗಳಲ್ಲಿ ತಮಟೆ ತಲೆಯೆತ್ತಿ ವಾಪಸ್ ಬಂತು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರೂರಲ್ಲಿ ಸಂತೋಷಪಟ್ಟದ್ದಕ್ಕೆ ಈ ಹಿನ್ನೆಲೆಯೂ ಕಾರಣ. ಇದೆಲ್ಲ ಗೊತ್ತಿಲ್ಲದೆ ಸುಮ್ನೆ ಶಬ್ದ ಚೆನ್ನಾಗಿದೆ ಅಂತ ತಮಟೆಯನ್ನು ಹಾಡಿಗೆ ಸೇರಿಸಿದರೆ ನಮ್ಮವರಿಗೆ ನೋವಾಗುತ್ತದೆ, ಅಲ್ವಾ?

ಪಕ್ಕದ ಕೆಜಿಎಫ್ ನೆನಪಾಗುತ್ತದೆ. ಗಣಿಯ ಕಾಲದಲ್ಲಿ ಕ್ಲಬ್ಬಿನೊಳಗೆ ಇಂಗ್ಲಿಷ್ ಡ್ಯಾನ್ಸು, ಕಾರ್ಮಿಕರ ಲೈನು ಮನೆಗಳಲ್ಲಿ ಚರ್ಮವಾದ್ಯ. ನಡುವೆ ಇದ್ದದ್ದು ಸ್ವಲ್ಪವೇ ದೂರ. ಎರಡೂ ಒಂದೇ ವೇದಿಕೆ ಹತ್ತಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಈಗಿನ ಮಾತು. ನಮ್ಮ ಕಡೆಯ ಐದು ಜನರ ತಂಡದ ಜೊತೆ ಬೆಂಗಳೂರಿನ ಒಂದು ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಪೋಸ್ಟರಿನಲ್ಲಿ ಬ್ಯಾಂಡಿನವರ ಹೆಸರುಗಳಿದ್ದವು, ಇವರಿಗೆ 'ಜಾನಪದ ತಂಡ' ಅಂತ ಮಾತ್ರ ಇತ್ತು. ತಮಟೆ ಚರ್ಮವನ್ನು ಬೆಂಕಿಗೆ ಕಾಯಿಸಿದರೇನೇ ನಾದ ಬಿಗಿಯಾಗೋದು. ಒಳಗೆ ಬೆಂಕಿ ಹಚ್ಚುವಂತಿಲ್ಲ. ಗಾಡಿ ನಿಲ್ಲಿಸುವ ಜಾಗದಲ್ಲಿ ಹಳೆ ಪೇಪರು ಸುಟ್ಟು ಕಾಯಿಸಿಕೊಂಡು ಹೋದರು. ಎಸಿ ಗಾಳಿಗೆ ಸ್ವಲ್ಪ ಹೊತ್ತಿಗೇ ಚರ್ಮ ಸಡಿಲವಾಯಿತು, ಕೀಬೋರ್ಡಿನ ಶ್ರುತಿಗೂ ಅದಕ್ಕೂ ಹೊಂದಲಿಲ್ಲ. ಅದಕ್ಕೆ ಈಗ ಕೆಲವರು ನಟ್ಟು ತಿರುಗಿಸಿ ಬಿಗಿ ಮಾಡುವ ಪ್ಲಾಸ್ಟಿಕ್ ತಮಟೆ ತರುತ್ತಾರೆ. ನನಗೆ ಅದರ ಸದ್ದು ಹಿಡಿಸುವುದಿಲ್ಲ. ಸಮಯ ಕೊಟ್ಟಿದ್ದು ನಾಲ್ಕು ನಿಮಿಷ.

ತಮಟೆ ಕಾಯಿಸುತ್ತಿದ್ದಾಗ ಸ್ಯಾಕ್ಸೋಫೋನಿನ ಹುಡುಗ ಹೊರಗೆ ಬಂದು ನಿಂತ. ಬೆರಳಲ್ಲಿ ಎಣಿಸೋಕೆ ನೋಡಿದ, ಎರಡು ಸಲ ತಪ್ಪಿದ. "ಎಲ್ಲಿಂದ ಎಣಿಸೋದು?" ಅಂತ ಕೇಳಿದ. ತಂಡದ ಯಜಮಾನರು "ಎಣಿಸಬೇಡಿ ಸಾರ್, ಹೆಜ್ಜೆ ಹಾಕಿ" ಅಂದರು. ಅವನು ಚಪ್ಪಲಿ ಬಿಟ್ಟು ಅವರ ಹಿಂದೆ ಹೆಜ್ಜೆ ಹಾಕಿದ. ಮೂರನೇ ಸುತ್ತಿಗೆ ಕಾಲು ತಾಳಕ್ಕೆ ಸಿಕ್ಕಿತು, ಅಷ್ಟರಲ್ಲಿ ಒಳಗಿಂದ ಕರೆ ಬಂತು. ಇಡೀ ಕಾರ್ಯಕ್ರಮಕ್ಕೆ ಆದ ರಿಹರ್ಸಲ್ ಅದೊಂದೇ. ಮುಂದಿನ ಸಲ ಒಂದು ವಾರ ಮೊದಲೇ ಚಿಂತಾಮಣಿಗೆ ಬಾರಪ್ಪ, ನಮ್ಮ ಮನೆಯಲ್ಲೇ ಇರಬಹುದು ಅಂತ ಅವನಿಗೆ ಹೇಳಿ ನಂಬರ್ ಕೊಟ್ಟು ಬಂದಿದ್ದೇನೆ.