ಪಲ್ಪರ್ ಗೇರ್‌ಬಾಕ್ಸ್‌ಗೆ ವಿಟಾನ್ ಸೀಲ್ ಬೇಕೇ?

ಪ್ರಶ್ನೆ: ಗೋಣಿಕೊಪ್ಪದ ಬಳಿ ನಮ್ಮ ಕಾಫಿ ತೋಟವಿದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಸೀಲ್ (ಶಾಫ್ಟ್ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಹಾಕಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಎಣ್ಣೆ ಸೋರುತ್ತದೆ. ಕಪ್ಪು ಸೀಲ್ ಬಿಟ್ಟು ದುಬಾರಿಯ ಕಂದು ವಿಟಾನ್ ಸೀಲ್ ಹಾಕಿದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುವ ಸಾಧ್ಯತೆ ಬಹಳ ಕಡಿಮೆ. ವಿಟಾನ್‌ನ ಹೆಚ್ಚುಗಾರಿಕೆ ಇರುವುದು ಶಾಖ ತಾಳುವುದರಲ್ಲಿ. ಕಪ್ಪು ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಾಳುತ್ತದೆ, ವಿಟಾನ್ 200ರವರೆಗೆ. ನಿಮ್ಮ ಗೇರ್‌ಬಾಕ್ಸ್ ಮೇಲೆ ಕೈಯಿಡಲು ಆಗುತ್ತಿದ್ದರೆ ಅಷ್ಟು ಶಾಖ ಅಲ್ಲಿಲ್ಲ. ವೇಗವೂ ಕಾರಣವಲ್ಲ. 35 ಮಿ.ಮೀ. ಶಾಫ್ಟ್ ನಿಮಿಷಕ್ಕೆ 400 ಸುತ್ತು ತಿರುಗಿದರೂ ಸೀಲಿನ ತುಟಿಯಡಿ (ಶಾಫ್ಟಿಗೆ ಒತ್ತಿಕೊಳ್ಳುವ ಒಳ ಅಂಚಿನಡಿ) ಶಾಫ್ಟಿನ ಮೈ ಸೆಕೆಂಡಿಗೆ ಮುಕ್ಕಾಲು ಮೀಟರ್ ಕೂಡ ಸಾಗುವುದಿಲ್ಲ. ನೈಟ್ರೈಲ್ ಹತ್ತು ಮೀಟರನ್ನೂ ತಾಳುತ್ತದೆ. ದಿನವಿಡೀ ಓಡುವ ಡೀಸೆಲ್ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ಗಾದರೆ ವಿಟಾನ್‌ಗೆ ಕೊಟ್ಟ ಹಣ ದಂಡವಲ್ಲ. ಬಣ್ಣವನ್ನು ಮಾತ್ರ ನಂಬಬೇಡಿ. ಸೀಲಿನ ಮೇಲೆ ಎನ್‌ಬಿಆರ್ ಎಂದಿದ್ದರೆ ನೈಟ್ರೈಲ್, ಎಫ್‌ಕೆಎಂ ಎಂದಿದ್ದರೆ ವಿಟಾನ್ ಜಾತಿ.

ಮೊದಲು ನೋಡಬೇಕಾದದ್ದು ಶಾಫ್ಟ್. ಹಳೆಯ ಸೀಲ್ ತೆಗೆದು, ಶಾಫ್ಟ್ ಒರೆಸಿ, ತುಟಿ ಕೂರುತ್ತಿದ್ದ ಜಾಗದಲ್ಲಿ ಉಗುರನ್ನು ಉದ್ದಕ್ಕೆ ಎಳೆಯಿರಿ. ಅದು ಸಿಕ್ಕಿಕೊಂಡರೆ ಅಲ್ಲಿ ಸವೆದು ತೋಡು ಬಿದ್ದಿದೆ ಎಂದರ್ಥ. ಆ ತೋಡಿನ ಮೇಲೆ ಯಾವ ರಬ್ಬರೂ ನಿಲ್ಲದು. ಕೊಡಗಿನಲ್ಲಿ ಇದಕ್ಕೆ ಮಳೆಗಾಲವೂ ಜೊತೆಗೂಡುತ್ತದೆ. ಕುಯ್ಲು ಮುಗಿದ ಮೇಲೆ ಯಂತ್ರ ತಿಂಗಳುಗಟ್ಟಲೆ ಥಂಡಿಯಲ್ಲಿ ಸುಮ್ಮನೆ ನಿಲ್ಲುತ್ತದೆ, ತುಟಿಯಂಚಿನಲ್ಲಿ ಶಾಫ್ಟ್ ತುಕ್ಕು ಹಿಡಿಯುತ್ತದೆ. ಮುಂದಿನ ಕುಯ್ಲಿಗೆ ಯಂತ್ರ ಚಾಲೂ ಮಾಡಿದಾಗ ಆ ತುಕ್ಕೇ ತುಟಿಯನ್ನು ಕೊಯ್ಯುತ್ತದೆ. ನಿಲ್ಲಿಸುವ ಮುನ್ನ ಅಲ್ಲಿಗೆ ಗ್ರೀಸ್ ಬಳಿದು, ನಡುನಡುವೆ ಶಾಫ್ಟನ್ನು ಕೈಯಿಂದ ತಿರುಗಿಸಿಡಿ.

ತೋಡು ಬಿದ್ದಿದ್ದರೆ, ಸೀಲ್ ಕೂರುವ ಗುಂಡಿಯಲ್ಲಿ ಜಾಗವಿದ್ದಲ್ಲಿ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ತುಟಿಗೆ ಹೊಸ ನುಣುಪು ಜಾಗ ಸಿಗುತ್ತದೆ. ಇಲ್ಲದಿದ್ದರೆ ಲೇತ್‌ನಲ್ಲಿ ಶಾಫ್ಟಿಗೆ ಸ್ಲೀವ್ (ಲೋಹದ ತೆಳು ಕೊಳವೆ) ಹಾಕಿಸಿ. ಎಮರಿ ಕಾಗದದಿಂದ ಉದ್ದುದ್ದಕ್ಕೆ ಉಜ್ಜಲು ಯಾರಿಗೂ ಬಿಡಬೇಡಿ. ಆ ಗೀರುಗಳ ಮೂಲಕವೇ ಎಣ್ಣೆ ಹೊರಕ್ಕೆ ಹರಿಯುತ್ತದೆ.

ಶಾಫ್ಟ್ ಚೆನ್ನಾಗಿದ್ದರೆ ಗೇರ್‌ಬಾಕ್ಸ್ ಮೇಲಿನ ಗಾಳಿ ತೂತು ಕಟ್ಟಿದೆಯೇ ನೋಡಿ. ಒಳಗೆ ಒತ್ತಡ ಏರಿದರೆ ಹೊಸ ಸೀಲೂ ಸೋರುತ್ತದೆ. ಬೇರಿಂಗ್ ಸವೆದು ಶಾಫ್ಟ್ ಅಲುಗುತ್ತಿದ್ದರೂ ಅಷ್ಟೇ.

ಅಂಗಡಿಯಲ್ಲಿ ಕೇಳಬೇಕಾದದ್ದು ಎರಡು ತುಟಿಯ ನೈಟ್ರೈಲ್ ಸೀಲ್. ಹಣ್ಣಿನ ಲೋಳೆ, ನೀರು, ಸಿಪ್ಪೆಯ ಚೂರುಗಳನ್ನು ಹೊರಗಿನ ತುಟಿ ತಡೆಯುತ್ತದೆ. ಸ್ಟೇನ್‌ಲೆಸ್ ಸ್ಪ್ರಿಂಗ್ ಇರುವುದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. ಅಳತೆ 35-52-7 ಎಂದಿದ್ದರೆ ಶಾಫ್ಟಿನ ವ್ಯಾಸ, ಗುಂಡಿಯ ವ್ಯಾಸ, ಸೀಲಿನ ದಪ್ಪ, ಎಲ್ಲವೂ ಮಿ.ಮೀ. ಲೆಕ್ಕ. ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಲಿ, ತುಟಿಗಳಿಗೆ ಗ್ರೀಸ್ ಸವರಿ. ಶಾಫ್ಟಿನಲ್ಲಿ ಕೀ ಕೂರುವ ತೋಡಿಗೆ ಟೇಪ್ ಸುತ್ತಿದ ಮೇಲೆಯೇ ಸೀಲ್ ತೂರಿಸಿ. ಅದರ ಚೂಪು ಅಂಚು ತುಟಿಯನ್ನು ಅಲ್ಲೇ ಸೀಳಿಬಿಡುತ್ತದೆ.