ಕಕ್ಕಬ್ಬೆಯಿಂದ ಹೊರಟ ಕರೆ ಬೆಂಗಳೂರಿಗೆ ಹೋಯಿತು

ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮ ಅತ್ತಿಗೆಯ ಹೋಂಸ್ಟೇ ಇದೆ. ಮೊಬೈಲ್ ಸಿಗ್ನಲ್ ಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಹಳೇ ಲ್ಯಾಂಡ್‌ಲೈನ್ ಇನ್ನೂ ಉಳಿದಿದೆ. ಒಮ್ಮೆ ಇಂಗ್ಲೆಂಡಿನ ಅತಿಥಿಯೊಬ್ಬರು ತಡಿಯಂಡಮೋಳ್ ಹತ್ತಿ ಇಳಿಯುವಷ್ಟರಲ್ಲಿ ಬ್ಯಾಂಕ್ ಕಾರ್ಡ್ ಕಳೆದುಕೊಂಡರು. ಬ್ಯಾಂಕಿನ ಟೋಲ್ ಫ್ರೀ ನಂಬರ್ ಡೈರಿಯಲ್ಲಿತ್ತು. 0800ರಿಂದ ಶುರು. ಒತ್ತಿದರೆ ಕನ್ನಡದ ಹೆಣ್ಣು ದನಿ: ನಂಬರ್ ಸರಿಯಾಗಿ ನೋಡಿಕೊಳ್ಳಿ. ಮೂರು ಸಲವೂ ಅದೇ. “ಪಾಪ, ಬ್ಯಾಂಕೇ ಮುಚ್ಚಿಹೋಯ್ತೇನೋ” ಅಂದರು ಅತ್ತಿಗೆ.

ಬ್ಯಾಂಕ್ ನೆಟ್ಟಗೇ ಇತ್ತು. ಕರೆ ಅಲ್ಲಿಗೆ ಹೋಗಿರಲೇ ಇಲ್ಲ. ನಮ್ಮ ಎಕ್ಸ್‌ಚೇಂಜಿಗೆ 080 ಅಂದರೆ ಬೆಂಗಳೂರು. ಆಮೇಲೆ ಎಂಟು ಅಂಕಿ ಬರಬೇಕು. ಅತಿಥಿಯ ನಂಬರಿನಲ್ಲೂ ಮಿಕ್ಕಿದ್ದು ಎಂಟೇ. ಆದರೆ ಮೊದಲ ಅಂಕಿ ಸೊನ್ನೆ. ಬೆಂಗಳೂರಿನಲ್ಲಿ ಸೊನ್ನೆಯಿಂದ ಶುರುವಾಗುವ ಲ್ಯಾಂಡ್‌ಲೈನ್ ಇಲ್ಲವಲ್ಲ!

ಸರಿ, ಇಂಗ್ಲೆಂಡಿಗೆ ಕರೆ ಮಾಡುವ ಕೋಡ್ 00 44 ಹಾಕಿ, ಮುಂದಿನ ಸೊನ್ನೆ ಬಿಟ್ಟು ನಾನು ಒತ್ತಿದೆ. ಆಗಲೂ ಇಲ್ಲ. ಇದಕ್ಕೆ ಕಾರಣ ಬೇರೆ.

ಲಾರಿ ಪಾರ್ಸೆಲ್ ಆಫೀಸಿನಲ್ಲಿ ‘ಟು ಪೇ’ ಅಂತ ಬರೆಸುತ್ತೇವಲ್ಲ, ಬಿಡಿಸಿಕೊಳ್ಳುವವರೇ ಬಾಡಿಗೆ ಕೊಡಬೇಕು ಅಂತ. ಟೋಲ್ ಫ್ರೀ ಅಂದರೆ ಕರೆಗಳ ‘ಟು ಪೇ’. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 800 ನಂಬರುಗಳನ್ನು 1967ರಲ್ಲಿ ತಂದಿತು. ಅದಕ್ಕೂ ಮೊದಲು ಆಪರೇಟರ್ ಆ ಕಡೆಯವರನ್ನು ಕೇಳಬೇಕಿತ್ತು, ದುಡ್ಡು ನೀವು ಕೊಡ್ತೀರಾ ಅಂತ. ಈಗ ಆ ಪ್ರಶ್ನೆಗೆ ಉತ್ತರ ಕಂಪ್ಯೂಟರಿನಲ್ಲೇ ಬರೆದಿಟ್ಟಿರುತ್ತದೆ. ಟೋಲ್ ಫ್ರೀ ನಂಬರ್ ಬರೀ ಅಡ್ಡಹೆಸರು. ಎಕ್ಸ್‌ಚೇಂಜ್ ಒಂದು ಡೇಟಾಬೇಸನ್ನು ಕೇಳುತ್ತದೆ: ಈ ಕರೆ ಎಲ್ಲಿಗೆ ಕಳಿಸಲಿ? ಅಲ್ಲಿಂದ ಮಾಮೂಲಿ ನಂಬರೊಂದು ಸಿಗುತ್ತದೆ. ಹಗಲು ಒಂದು ಆಫೀಸು, ರಾತ್ರಿ ಇನ್ನೊಂದು ಇರಬಹುದು. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ.

ಆ ಡೇಟಾಬೇಸ್ ಇರುವುದು ಆಯಾ ದೇಶದ ಜಾಲದಲ್ಲಿ. ನಮ್ಮ ಎಕ್ಸ್‌ಚೇಂಜ್ ಅದನ್ನು ಕೇಳುವ ಹಾಗಿಲ್ಲ. ಅದಕ್ಕಿಂತ ದೊಡ್ಡ ತೊಡಕು ದುಡ್ಡಿನದು. ಮಾಮೂಲಿ ಐಎಸ್‌ಡಿ ಕರೆಯಲ್ಲಿ ಇಲ್ಲಿನ ಕಂಪನಿ ನಮ್ಮಿಂದ ವಸೂಲಿ ಮಾಡಿ ಅಲ್ಲಿನ ಕಂಪನಿಗೆ ಪಾಲು ಕೊಡುತ್ತದೆ. ಟೋಲ್ ಫ್ರೀಯಲ್ಲಿ ಹಣ ಉಲ್ಟಾ ಹರಿಯಬೇಕು. ಅಂಥ ಒಪ್ಪಂದ ಇಲ್ಲದಿದ್ದರೆ ಕರೆ ಅಲ್ಲೇ ನಿಲ್ಲುತ್ತದೆ. ಕೆಲವು ಸಲ ಹೋಗುತ್ತದೆ, ಆದರೆ ಐಎಸ್‌ಡಿ ದರ ನಮ್ಮ ತಲೆಗೆ.

ಇಡೀ ಲೋಕಕ್ಕೆ ಒಂದೇ ಟೋಲ್ ಫ್ರೀ ನಂಬರ್ ಕೂಡ ಇದೆ: +800, ಮುಂದೆ ಎಂಟು ಅಂಕಿ. ಹಂಚುವುದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅಲ್ಲೂ ಒಂದೊಂದು ದೇಶದ ಟೆಲಿಫೋನ್ ಕಂಪನಿ ಜೊತೆ ಬೇರೆ ಬೇರೆ ಮಾತುಕತೆ ಆಗಬೇಕು. ಅದಕ್ಕೇ ಇದು ಜಾಸ್ತಿ ಕಾಣುವುದಿಲ್ಲ.

ನನಗೆ ಮಜಾ ಅನ್ನಿಸುವುದು ನಮ್ಮ 1800. ಮೆಲ್ಬರ್ನ್‌ನಲ್ಲಿರುವ ಅಕ್ಕನ ಮಗ ಇಲ್ಲಿನ ಬ್ಯಾಂಕಿಗೆ ಫೋನ್ ಮಾಡಲು ಹೋಗಿ ಸುಸ್ತಾಗಿದ್ದ. ನಂಬರ್ 1800 425, ಮುಂದೆ ನಾಲ್ಕು ಅಂಕಿ. ಹಾಗೇ ಒತ್ತಿದರೆ ಆಸ್ಟ್ರೇಲಿಯಾದಲ್ಲೂ 1800 ಇದೆ. ಅಲ್ಲಿ ಮುಂದೆ ಆರೇ ಅಂಕಿ. ಹತ್ತು ಅಂಕಿ ಮುಗಿಯುತ್ತಲೇ ಅಲ್ಲಿನ ಇನ್ಯಾರಿಗೋ ರಿಂಗ್ ಆಗಬಹುದು. 1800ರ ಮೊದಲಿಗೆ + ಹಾಕಿದರೆ ಇನ್ನೂ ಫಜೀತಿ. +1 ಅಂದರೆ ಅಮೆರಿಕ, ಕೆನಡಾ. 800 ಅಲ್ಲಿನ ಟೋಲ್ ಫ್ರೀ. ಉಳಿದ ಏಳು ಅಂಕಿಯೂ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಬ್ಯಾಂಕ್ ಅಂತ ತಿಳಿದು ಅಮೆರಿಕದ ಯಾರಿಗೋ ಖಾತೆ ನಂಬರ್ ಹೇಳಿಬಿಟ್ಟರೆ? +91 ಸೇರಿಸಿದರೆ ಬಹುಪಾಲು ಸದ್ದೇ ಇಲ್ಲ.

“ಹಾಗಾದ್ರೆ ಯಾವ ನಂಬರ್ ಮಾವ?” ಅಂದ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಹೊರದೇಶದವರಿಗೆ ಅಂತ ಬೇರೆ ನಂಬರ್ ಇರುತ್ತದೆ, ನೋಡು ಅಂದೆ. ಸಿಕ್ಕಿತು: +91 80, ಬೆಂಗಳೂರಿನ ಲ್ಯಾಂಡ್‌ಲೈನ್. ಅತ್ತಿಗೆಯ ಅತಿಥಿಗೂ ಕೊನೆಗೆ ಕೈಹಿಡಿದದ್ದು ಅಂಥದ್ದೇ ಒಂದು +44 ನಂಬರ್. ಬಿಲ್ಲಿನ ದುಡ್ಡು ಕೊಡಲು ಬಂದರು. ಅತ್ತಿಗೆ ತಗೊಳ್ಳಲಿಲ್ಲ.