ನೀತಿ ಗೊತ್ತಿದ್ದರೂ ಬಿಸ್ಕತ್ತು ಕೊಡದ ಮಗುವಿಗೆ ಯಾವ ಕಥೆ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ದಿನವೂ ಮಲಗಿಸುವಾಗ ಕಥೆ ಹೇಳುತ್ತೇನೆ. ‘ಇದರ ನೀತಿ ಏನು?’ ಎಂದು ಕೇಳಿದರೆ ‘ಹಂಚಿಕೊಂಡು ತಿನ್ನಬೇಕು’ ಎಂದು ಥಟ್ಟನೆ ಹೇಳುತ್ತಾಳೆ. ಬೆಳಗಾದರೆ ತಮ್ಮನಿಗೆ ಅರ್ಧ ಬಿಸ್ಕತ್ತು ಕೊಡಲೂ ಕೈ ಬರುವುದಿಲ್ಲ. ಯಾರಾದರೂ ಏನಾದರೂ ಕೊಟ್ಟರೆ, ನಾನು ಮೆಲ್ಲನೆ ತಿವಿದ ಮೇಲೆಯೇ ‘ಥ್ಯಾಂಕ್ಸ್’ ಹೊರಡುವುದು. ಕಥೆಯಿಂದ ಈ ಗುಣಗಳು ನಿಜಕ್ಕೂ ಬರುತ್ತವೆಯೇ?

ಉತ್ತರ: ಬರುತ್ತವೆ, ನಿಧಾನವಾಗಿ. ಆದರೆ ‘ನೀತಿ ಏನು’ ಎಂದು ಕೇಳುವುದನ್ನು ಇಂದೇ ಬಿಟ್ಟುಬಿಡಿ. ಆ ಪ್ರಶ್ನೆ ಬಿದ್ದ ಕೂಡಲೇ ಕಥೆ ಪರೀಕ್ಷೆಯಾಗುತ್ತದೆ. ಮಗು ನಿಮಗೆ ಬೇಕಾದ ಉತ್ತರ ಒಪ್ಪಿಸಿ ನಿದ್ದೆಗೆ ಜಾರುತ್ತದೆ.

ಮಗಳ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸ್ಟಿಕ್ಕರ್‌ಗಳನ್ನು ಕೊಟ್ಟು ನೋಡಿದರು. ಸಮನಾಗಿ ಹಂಚಬೇಕು ಎಂದು ಪುಟಾಣಿಗಳೂ ಹೇಳಿದರು. ಹೇಳಿದಂತೆ ಹಂಚಿದವರು ಮಾತ್ರ ಏಳೆಂಟು ವರ್ಷದವರು. ಐದರ ವಯಸ್ಸಿನಲ್ಲಿ ಮಾತು ಮುಂದಿರುತ್ತದೆ, ಕೈ ಹಿಂದಿರುತ್ತದೆ.

ಯಾವ ಕಥೆ ಎಂಬುದೂ ಮುಖ್ಯ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಕಥೆಯೊಂದನ್ನು ಓದಿದರು. ಕೆಲವರ ಪುಸ್ತಕದಲ್ಲಿ ಬಟ್ಟೆ ತೊಟ್ಟ ಪ್ರಾಣಿಗಳು, ಉಳಿದವರ ಪುಸ್ತಕದಲ್ಲಿ ಅದೇ ಕಥೆಗೆ ಮನುಷ್ಯರ ಚಿತ್ರ. ಮನುಷ್ಯರ ಕಥೆ ಕೇಳಿದವರು ಆಮೇಲೆ ಹೆಚ್ಚು ಸ್ಟಿಕ್ಕರ್ ಕೊಟ್ಟರು. ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಏರಿಕೆ ಕಾಣಲಿಲ್ಲ. ಹಾಗೆಂದು ನರಿ, ಮೊಲಗಳನ್ನು ಮನೆಯಿಂದ ಓಡಿಸಬೇಕಿಲ್ಲ, ಕಥೆಯ ಸುಖಕ್ಕೆ ಅವು ಇರಲಿ. ಕೊಡುವ ಗುಣ ಕಲಿಯಬೇಕಾದಾಗ ಮಗು ‘ಇದು ನಾನೇ’ ಎಂದುಕೊಳ್ಳುವಂಥ ಪಾತ್ರ ಬೇಕು.

ನನ್ನ ಆಯ್ಕೆ ಕುಚೇಲ. ಆದರೆ ನಾವು ಸಾಮಾನ್ಯವಾಗಿ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ‘ಹಿಡಿ ಅವಲಕ್ಕಿ ಕೊಟ್ಟ, ಅರಮನೆ ಸಿಕ್ಕಿತು’ ಎಂದು ಮುಗಿಸಿದರೆ ಮಗು ಕಲಿಯುವುದು ವ್ಯಾಪಾರವನ್ನು. ಭಾಗವತದ ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗಗಳಿವೆ. ಗೆಳೆಯನನ್ನು ನೋಡಲು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಹೆಂಡತಿ ಅಕ್ಕಪಕ್ಕದ ಮನೆಗಳಲ್ಲಿ ಬೇಡಿ ನಾಲ್ಕು ಹಿಡಿ ಅವಲಕ್ಕಿ ತರುತ್ತಾಳೆ, ಹರಕು ಬಟ್ಟೆಯಲ್ಲಿ ಕಟ್ಟಿ ಕೊಡುತ್ತಾಳೆ. ದ್ವಾರಕೆಯ ವೈಭವ ಕಂಡು ಅವನಿಗೆ ಆ ಗಂಟನ್ನು ತೋರಿಸಲು ನಾಚಿಕೆ. ‘ನನಗೇನು ತಂದೆ?’ ಎಂದು ಕೃಷ್ಣ ಕೇಳಿದರೆ ತಲೆ ತಗ್ಗಿಸುತ್ತಾನೆ. ಕೃಷ್ಣನೇ ಗಂಟನ್ನು ಕಿತ್ತುಕೊಂಡು ಒಂದು ಹಿಡಿ ತಿನ್ನುತ್ತಾನೆ. ಕೊಡಲು ಹಿಂಜರಿದವನ ಕೈಯಿಂದ ಅಷ್ಟು ಆಸೆಪಟ್ಟು ತೆಗೆದುಕೊಂಡದ್ದೂ ಒಂದು ಕೃತಜ್ಞತೆಯೇ. ಅಲ್ಲಿ ನಿಲ್ಲಿ, ಅಲ್ಲಿ ಹೊತ್ತು ಕಳೆಯಿರಿ.

ಅಕ್ಕನ ಮಗನಿಗೆ ಆಗ ಆರು ವರ್ಷ. ಹಳೆಯ ಪಂಚೆಯ ಚೂರಿನಲ್ಲಿ ಗಟ್ಟಿ ಅವಲಕ್ಕಿ ಕಟ್ಟಿ ಅವನ ಕೈಗೆ ಕೊಟ್ಟು ಕಥೆ ಹೇಳಿದೆ. ‘ನನಗೇನು ತಂದೆ?’ ಎಂದಾಗ ಅವನು, ಯಾರೂ ಹೇಳಿಕೊಡದೆ, ಗಂಟನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಕಿವಿ ಕೆಂಪಾಗಿತ್ತು. ನಾನೂ ಸುಮ್ಮನಿದ್ದೆ. ಬಹಳ ಹೊತ್ತಾದ ಮೇಲೆ ಗಂಟು ಬಿಚ್ಚಿ, ಎರಡು ಕಾಳು ನನ್ನ ಅಂಗೈಗೆ ಹಾಕಿದ. ಕಥೆ ಮುಗಿದಾಗ ಕೇಳಿದ: ‘ಚಿಕ್ಕಮ್ಮ, ಅವಲಕ್ಕಿ ಕೊಟ್ಟ ಪಕ್ಕದ ಮನೆಯವರಿಗೂ ಅರಮನೆ ಸಿಕ್ಕಿತಾ?’

ಎಷ್ಟು ಸಲ ಈ ಕಥೆ ಕೇಳಿದ್ದರೂ ನನಗೆ ಅವರ ನೆನಪೇ ಬಂದಿರಲಿಲ್ಲ. ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ‘ಥ್ಯಾಂಕ್ಸ್’ ಹೇಳಿಸುವ ಅವಸರದಲ್ಲಿ ನಾವು ಈ ಅರಿವನ್ನೇ ಮರೆಯುತ್ತೇವೆ. ಆದ್ದರಿಂದ ಕಥೆಯ ಆಚೆಗೂ ಹೋಗಿ. ಭತ್ತ ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿದರೆ ಅವಲಕ್ಕಿ ಎಂದು ಹೇಳಿ. ಕುಟ್ಟಿದವರು ಯಾರು, ಭತ್ತ ಬೆಳೆದವರು ಯಾರು ಎಂದು ಮಗಳೇ ಊಹಿಸಲಿ. ನಾಳೆ ಬೆಳಗಿನ ಹಾಲಿನ ಪ್ಯಾಕೆಟ್‌ಗೂ ಇದೇ ಆಟ ಆಡಬಹುದು.

ಬಿಸ್ಕತ್ತಿನ ವಿಷಯ: ಕೈಯಿಂದ ಕಿತ್ತು ತಮ್ಮನಿಗೆ ಕೊಡಬೇಡಿ. ಕಿತ್ತುಕೊಂಡದ್ದು ಅವಳು ಕೊಟ್ಟದ್ದಾಗುವುದಿಲ್ಲ. ‘ನಿನಗೆ ಎಷ್ಟು, ಅವನಿಗೆ ಎಷ್ಟು, ನೀನೇ ಹೇಳು’ ಎನ್ನಿ. ಚೂರೇ ಚೂರು ಕೊಟ್ಟರೂ ಅದು ಅವಳದೇ ನಿರ್ಧಾರ. ಹೊಗಳಿಕೆಯನ್ನೂ ಅತಿಯಾಗಿಸಬೇಡಿ, ತಮ್ಮನ ಮುಖ ತೋರಿಸಿದರೆ ಸಾಕು.

ಅವಳಿಗೆ ಎಂಟೊಂಬತ್ತು ವರ್ಷವಾದಾಗ ಮಹಾಭಾರತದ ಅರೆಚಿನ್ನದ ಮುಂಗುಸಿಯ ಕಥೆ ಹೇಳಿ. ಬಡ ಸಂಸಾರವೊಂದು ಹಸಿದಿದ್ದರೂ ತನ್ನ ಪಾಲಿನ ಹಿಟ್ಟನ್ನೆಲ್ಲ ಅತಿಥಿಗೆ ಬಡಿಸಿತ್ತು. ಅಲ್ಲಿ ಹೊರಳಿದ ಮುಂಗುಸಿಯ ಅರ್ಧ ಮೈ ಚಿನ್ನವಾಯಿತು, ಉಳಿದರ್ಧಕ್ಕೆ ಧರ್ಮರಾಯನ ಅಶ್ವಮೇಧವೂ ಸಾಲಲಿಲ್ಲ. ಅದನ್ನೂ ವಿವರಿಸಲು ಹೋಗಬೇಡಿ.

ಮತ್ತೆ, ಕಥೆಯನ್ನು ಮಗಳ ಬಾಯಿಂದಲೂ ಕೇಳಿ. ನಮ್ಮ ಹುಡುಗ ಒಂದು ವಾರದ ಮೇಲೆ ತಂಗಿಗೆ ಕುಚೇಲನ ಕಥೆ ಹೇಳುತ್ತಿದ್ದ. ಅವನ ಕುಚೇಲ ಊರಿಗೆ ಮರಳಿ, ಅರಮನೆಯ ಬಾಗಿಲಲ್ಲಿ ಹೆಂಡತಿಯನ್ನು ಕರೆದು, ಮೊದಲು ಅಕ್ಕಪಕ್ಕದ ಮನೆಗಳಿಗೆ ಅವಲಕ್ಕಿ ಹಿಂತಿರುಗಿಸಲು ಹೋದ. ಒಂದೊಂದು ಮನೆಗೆ ಒಂದೊಂದು ಮೂಟೆ.